ಉಂಡಾ ಎಂಬ ಹೆಲ್ಪರ್

ಹೆಸರಿಡುವ ಕೆಲಸವನ್ನು ನನ್ನ ಕೈಗೆ ಕೊಡಬಾರದಿತ್ತು. ಮಣ್ಣಗುಡ್ಡದ ನಮ್ಮ ಸಣ್ಣ ಆಫೀಸಿನಲ್ಲಿ ವೆಬ್‌ಪುಟಗಳ ಬಟನ್, ಒಂದೊಂದು ಸರಕನ್ನೂ ತೋರಿಸುವ ಚೌಕದಂಥ ಕಾರ್ಡುಗಳನ್ನು ಕಟ್ಟುವವಳು ನಾನು. ತನ್ನ ಸರಕು ಇದೆಯೋ ಮುಗಿಯಿತೋ ಎಂಬುದು ಪ್ರತಿ ಕಾರ್ಡಿಗೂ ನೆನಪಿರಬೇಕು. ಅದನ್ನು ಪ್ರತಿ ಸಲ ಹೊಸದಾಗಿ ಬರೆಯುವುದು ಯಾರಿಗೆ ಬೇಕು? ಒಮ್ಮೆ ಬರೆದು ಎಲ್ಲ ಕಡೆ ಬಳಸಲು ಒಂದು ಹೆಲ್ಪರ್, ಅಂದರೆ ಪುಟ್ಟ ಕೋಡ್ ತುಣುಕು, ಮಾಡಿದೆ. ಸರಕು ಇದ್ದರೆ ‘ಹೌದು’, ಇಲ್ಲದಿದ್ದರೆ ‘ಅಲ್ಲ’ ಎನ್ನುವುದಷ್ಟೇ ಅದರ ಕೆಲಸ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕೆಂಬ ನಿಯಮವಿತ್ತು. ಇಂಗ್ಲಿಷ್ ಅಕ್ಷರದಲ್ಲೇ ‘ಉಂಡಾ’ ಎಂದು ಬರೆದೆ. ತುಳುವಿನಲ್ಲಿ ‘ಇದೆಯಾ’ ಎಂದರ್ಥ. ನಿಯಮಕ್ಕೂ ಭಂಗವಿಲ್ಲ, ನನಗೂ ಖುಷಿ.

ಕಂಕನಾಡಿಯಲ್ಲಿ ಮೀನು ಮಾರುವ ನನ್ನ ಮಾಮಿಗೆ ಒಂದು ಪುಟ ಮಾಡಿಕೊಡುತ್ತೇನೆಂದು ದುಂಬಾಲು ಬಿದ್ದಿದ್ದೆ.

“ಒಂದು ಆದಿತ್ಯವಾರ ನೋಡ್ತೇನೆ. ಮೀನು ಉಳಿದರೆ ನಿನ್ನ ಪುಟ ಬಂದ್” ಎಂದು ಮಾಮಿ ಒಪ್ಪಿದರು.

ಧಾರವಾಡದಿಂದ ಹೊಸದಾಗಿ ಬಂದ ಸಹೋದ್ಯೋಗಿ ನನ್ನ ಹೆಲ್ಪರ್ ಬಳಸಿ ಪುಟ ಜೋಡಿಸಿದ. ಪಾಪ, ಅವನಿಗೆ ತುಳು ಬಾರದು. ಆ ಹೆಸರಿನ ಅರ್ಥ ನಾನೂ ಹೇಳಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಮಾಮಿಯ ಫೋನು.

“ಎಲ್ಲರಿಗೂ ಅಂಜಲ್ ಬೇಕಂತೆ! ಅಂಜಲ್ ಇವತ್ತು ಎಲ್ಲಿ ಉಂಟು ಮಾರಾಯ್ತಿ? ಬೂತಾಯಿ ಬುಟ್ಟಿ ತುಂಬ ಉಂಟು, ಕೇಳುವವರಿಲ್ಲ. ಎಂತ ಮಾಡಿಟ್ಟಿದ್ದಿ ನೀನು?”

ಪುಟ ತೆರೆದು ನೋಡಿದೆ. ಬುಟ್ಟಿ ತುಂಬ ಇದ್ದ ಬೂತಾಯಿ ಮೀನಿನ ಕಾರ್ಡಿನಲ್ಲಿ ‘ಖಾಲಿ’, ಇಲ್ಲದ ಅಂಜಲ್ ಮೀನಿನ ಕಾರ್ಡಿನಲ್ಲಿ ‘ತಾಜಾ ಉಂಟು’. ಸಹೋದ್ಯೋಗಿಗೆ ಫೋನ್ ಮಾಡಿ ಕೂಗಾಡಿದೆ.

“ಉಂಡ ಅಂದ್ರ ಊಟ ಮಾಡಿದ ಅಂತ ಅಲ್ಲೇನ್ರೀ? ತಿಂದ ಮ್ಯಾಲ ಖಾಲಿನ ಆಗ್ತೈತಿ” ಎಂದ.

ವಾದದಲ್ಲಿ ಒಂದು ಲೋಪವೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ‘ಹೌದು’, ‘ಅಲ್ಲ’ಗಳನ್ನು ತಿರುಗಿಸಿ ಎಂದು ಅವನಿಗೆ ಹೇಳಿ, ಅವನನ್ನು ನಂಬದೆ ಹೆಲ್ಪರಿನೊಳಗೆ ನಾನೂ ತಿರುಗಿಸಿದೆ. ಅವನು ಪುಟದಲ್ಲಿ ತಿರುಗಿಸಿದ. ಇಬ್ಬರೂ ತಿರುಗಿಸಿದ್ದರಿಂದ ಎಲ್ಲ ಮೊದಲಿನಂತೆಯೇ ಆಯಿತು. ಅದು ಗೊತ್ತಾಗುವಷ್ಟರಲ್ಲಿ ಮಧ್ಯಾಹ್ನ, ಬೂತಾಯಿಯ ಐಸ್ ನೀರಾಗಿತ್ತು.

ಉಳಿದ ಮೀನನ್ನು ಮಾಮಿ ಹುರಿದು, ತಿಂದು ಮುಗಿಸಿ ಎಂದು ನಮ್ಮಿಬ್ಬರನ್ನೂ ಮನೆಗೆ ಕರೆಸಿದರು.

“ತಪ್ಪು ನಂದೇ ರೀ” ಎಂದ ಅವನು, ಕೂರುವ ಮೊದಲೇ. ನಾನು ಅನ್ನ ಕಲಸಿದೆ.

ಮಾಮಿ ಮತ್ತೆ ಮೀನಿನ ತಟ್ಟೆ ಹಿಡಿದು ಅವನ ಬಳಿ ಬಂದರು. “ಮೀನ್ ಉಂಡಾ?”

“ಉಂಡೆ ರೀ” ಎಂದ, ತಿಂದು ಮುಗಿಸಿದ ಹೆಮ್ಮೆಯಲ್ಲಿ.

ಮಾಮಿಯ ಕಿವಿಗೆ ಅದು ತುಳುವಿನ ‘ಉಂಡು’; ಎಲೆಯಲ್ಲಿ ಇನ್ನೂ ಉಂಟಂತೆ ಎಂದುಕೊಂಡು ಅವನನ್ನು ದಾಟಿ ಹೋದರು. ಅವನು ದೂರವಾಗುತ್ತಿದ್ದ ತಟ್ಟೆಯನ್ನೇ ನೋಡುತ್ತ ಕುಳಿತ. ನನಗೆ ನಗು ತಡೆಯಲಾಗಲಿಲ್ಲ. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ನನ್ನ ಪಾಲಿನ ಮೀನನ್ನು ಅವನ ಎಲೆಗೆ ಹಾಕಿ, “ಮಾಮಿ, ಆ ಹೆಸರಿಟ್ಟದ್ದು ನಾನು. ತಪ್ಪು ನನ್ನದೇ” ಎಂದೆ.

“ಗೊತ್ತುಂಟು. ಇಂಥ ಬುದ್ಧಿ ಬೇರೆ ಯಾರಿಗುಂಟು?” ಮಾಮಿ ಅವನ ಕಡೆ ತಿರುಗಿದರು. “ಬರುವ ಆದಿತ್ಯವಾರಕ್ಕೆ ಪುಟ ಸರಿ ಮಾಡ್ಲಿಕ್ಕೆ ಉಂಟಾ?”

ಅವನು ಒಮ್ಮೆ ನನ್ನ ಮುಖ ನೋಡಿ, ಜಾಗ್ರತೆಯಿಂದ, “ಉಂಟು” ಎಂದ.