ಮದುವೆಯ ಬಟ್ಟೆ ತೊಡದೆ ಬಂದವನು

ಆ ಬೀದಿಯಲ್ಲಿ ಟೈಲರನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಅರ್ಧ ಇಂಚು’ ಎಂದೇ. ಗಿರಾಕಿ ಕನ್ನಡಿಯ ಮುಂದೆ ನಿಂತು ಚೆನ್ನಾಗಿದೆ ಎಂದು ಸಂತೋಷಪಟ್ಟರೂ ಈತ ಸುತ್ತ ಒಂದು ಸುತ್ತು ಬಂದು, ತೋಳು ಅರ್ಧ ಇಂಚು ಜಾಸ್ತಿ ಎಂದು ಬಿಚ್ಚಿಸಿಕೊಂಡೇಬಿಡುತ್ತಿದ್ದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

ನಾಲ್ಕು ವರ್ಷದ ಹಿಂದೆ, ಮಗಳ ಮದುವೆಯ ದಿನ, ಆ ಸಿಟ್ಟು ದೊಡ್ಡ ಎಡವಟ್ಟು ಮಾಡಿತು. ಮೂಟೆ ಹೊರುವ ಕೆಲಸದ ತಮ್ಮನಿಗೆಂದು ತಿಂಗಳ ಮೊದಲೇ ಒಳ್ಳೆಯ ಬಟ್ಟೆಯಲ್ಲಿ ಕೋಟು ಹೊಲಿದು ಕಳಿಸಿದ್ದ. ಆ ಮಹಾರಾಯ ಬಂದದ್ದು ಕಾಲರು ಸವೆದ ಕೆಲಸದ ಅಂಗಿಯಲ್ಲಿ! ಬೀಗರೆಲ್ಲ ನೋಡುತ್ತಿದ್ದರು. ಟೈಲರನಿಗೆ ಮೈಯೆಲ್ಲ ಉರಿದುಹೋಯಿತು. ತಮ್ಮನನ್ನು ಎಳೆದುಕೊಂಡು ಹೋಗಿ ಗೇಟಿನಾಚೆ ಬಿಟ್ಟು ಬಂದ. ತಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಟೈಲರ್ ಪಶ್ಚಾತ್ತಾಪಪಟ್ಟನೇ? ಎಲ್ಲಿಯ ಮಾತು! ಬೈಬಲಿನ ಸುವಾರ್ತೆಯಲ್ಲೇ ಅವನಿಗೆ ಆಧಾರ ಸಿಕ್ಕಿತ್ತು. ರಾಜನೊಬ್ಬ ಮಗನ ಮದುವೆಗೆ ದಾರಿಹೋಕರನ್ನೆಲ್ಲ ಕರೆಸುತ್ತಾನೆ. ಮದುವೆಯ ಬಟ್ಟೆ ತೊಡದೆ ಬಂದ ಒಬ್ಬನನ್ನು ಕೈಕಾಲು ಕಟ್ಟಿಸಿ ಕತ್ತಲೆಗೆ ಹಾಕಿಸುತ್ತಾನೆ. ಯೇಸು ಹೇಳಿದ ಈ ಕತೆ ಕೇಳಿ ಚರ್ಚಿನಲ್ಲಿ ಎಷ್ಟೋ ಮಂದಿ ತಲೆ ಕೆರೆದುಕೊಂಡರೆ, ಟೈಲರ್ ಮಾತ್ರ ಎದೆ ಸೆಟೆಸಿ ಕೂರುತ್ತಿದ್ದ. ಕತೆಯ ರಾಜನೆಂದರೆ ದೇವರು; ದೇವರೇ ಹಾಗೆ ಮಾಡುವವನಾದರೆ ತನ್ನದೇನು ತಪ್ಪು? ಆದರೂ ಹೇಳಿಕೊಳ್ಳಲಾಗದ ಸಂಕಟವೊಂದು ಒಳಗಿತ್ತು. ಅಂಥ ದೇವರನ್ನು ಪ್ರೀತಿಸುವುದು ಅವನಿಗೆ ಕಷ್ಟವಾಗುತ್ತಿತ್ತು. ತಮ್ಮ ನೆನಪಾಗದ ದಿನವೂ ಇರಲಿಲ್ಲ.

ಈ ವರ್ಷ ಆ ಭಾಗವನ್ನು ಚರ್ಚಿನಲ್ಲಿ ಓದುವ ಸರದಿ ಅವನಿಗೇ ಬಂತು. ಶನಿವಾರ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದ. ಹೆಂಡತಿ ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದಳು. ಮೂರನೇ ಸಲ ಓದುವಾಗ ತಡೆದು, ರಾಜ ಅವನನ್ನು ಏನೆಂದು ಕರೆದ ಎಂದು ಕೇಳಿದಳು. ಸ್ನೇಹಿತ ಎಂದು ಕರೆದ, ಈ ಬಟ್ಟೆಯಿಲ್ಲದೆ ಹೇಗೆ ಬಂದೆ ಎಂದು ವಿಚಾರಿಸಿದ, ಅವನು ಬಾಯಿ ಬಿಡಲಿಲ್ಲ ಎಂದು ಟೈಲರ್ ವಿವರಿಸಿದ.

“ಕತ್ತಲೆಗೆ ಯಾಕೆ ಹಾಕಿಸಿದ್ನೋ, ಅದು ನನಗೂ ತಿಳಿಯಲ್ಲ,” ಎಂದಳು ಆಕೆ. “ಆದ್ರೆ ಮೊದಲು ಸ್ನೇಹಿತ ಅಂದ. ಯಾಕಪ್ಪಾ ಹೀಗೆ ಅಂತ ಕೇಳಿ, ಉತ್ತರಕ್ಕೆ ಕಾದ. ಪ್ರೀತಿ ಇಲ್ಲದೋನು ಕೇಳ್ತಾನಾ? ನೀವು ಕೇಳಿದ್ರಾ?”

ಟೈಲರ್ ಸಿಡುಕಿದ. ನಿನಗೇನು ಗೊತ್ತು, ಸುಮ್ಮನೆ ಗುಂಡಿ ಹಾಕು ಎಂದ. ಮತ್ತೆ ಓದಲು ಹೊರಟರೆ ನಾಲಿಗೆ ಆ ಸಾಲಿನ ಮುಂದಕ್ಕೆ ಹೋಗಲೊಲ್ಲದು. ಅವನು ತಮ್ಮನನ್ನು ಕೇಳಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಚಪ್ಪಲಿ ಮೆಟ್ಟಿ ಹೊರಟ.

ತಮ್ಮನ ಬಾಡಿಗೆ ಕೋಣೆ ನಾಲ್ಕು ಬೀದಿ ಆಚೆ, ಗೋದಾಮಿನ ಮೇಲಿನ ಮಹಡಿಯಲ್ಲಿ. ಕದ ಅರ್ಧ ತೆರೆದ ತಮ್ಮ ಅಣ್ಣನನ್ನು ಕಂಡು ಹಾಗೇ ನಿಂತ.

“ಅವತ್ತು ನಾನು ಹೊಲಿದ ಕೋಟು ಯಾಕೋ ಹಾಕ್ಕೊಂಡು ಬರ್ಲಿಲ್ಲ?” ಎಂದ ಟೈಲರ್.

ತಮ್ಮ ನೆಲ ನೋಡಿದ. “ಭುಜಕ್ಕೆ ಏರ್ಲೇ ಇಲ್ಲ ಅಣ್ಣ. ಮೂಟೆ ಹೊತ್ತೂ ಹೊತ್ತೂ ಭುಜ ದಪ್ಪ ಆಗಿದೆ. ನೀನು ಹಳೇ ಅಳತೇಲೇ ಹೊಲಿದಿದ್ದೆ.”

ನಿಜ. ಕಂಡವರಿಗೆಲ್ಲ ಎರಡೆರಡು ಸಲ ಟೇಪು ಹಿಡಿಯುವವನು, ಸ್ವಂತ ತಮ್ಮನ ಅಳತೆ ತನಗೆ ಗೊತ್ತಿಲ್ಲವೇ ಎಂದು ಹಳೆಯ ಅಳತೆ ಪುಸ್ತಕ ನೋಡಿ ಬಟ್ಟೆ ಕತ್ತರಿಸಿದ್ದ. ಹತ್ತು ವರ್ಷ ಮೂಟೆ ಹೊತ್ತ ಮೈ ಏನಾಗಿದೆ ಎಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ಅವತ್ತೇ ಹೇಳಬಾರದಿತ್ತೇ ಎಂದು ಟೈಲರ್ ಕೇಳಿದ.

“ಬೀಗರ ಎದುರಿಗೆ ಹೇಗೆ ಹೇಳ್ಲಿ? ಒಡಹುಟ್ಟಿದೋನಿಗೇ ಸರಿಯಾಗಿ ಹೊಲಿಯಕ್ಕೆ ಬರಲ್ಲ ಅಂತ ನಿನ್ನ ಆಡ್ಕೊಳ್ತಿದ್ರು.”

ಟೈಲರ್ ಗೋಡೆ ಹಿಡಿದು ಅತ್ತ. ತಪ್ಪಾಯಿತು ಎಂದ, ಮತ್ತೆ ಮತ್ತೆ ಅದನ್ನೇ ಎಂದ. ತಮ್ಮ ಕದವನ್ನು ಪೂರ್ತಿ ತೆರೆದು, ಹೊರಗೆ ನಿಂತು ಅಳಬೇಡ, ಒಳಗೆ ಬಾ ಅಣ್ಣ, ಊಟ ಮಾಡು ಎಂದ.