ಅಮ್ಮನ ಮುಖ ನೋಡಲು ಹೋದದ್ದು

ನಮ್ಮಕ್ಕ ಬಟ್ಟೆ ಹೊಲಿಯುವವಳು. ನಾಲಿಗೆ ಅವಳ ಕತ್ತರಿಗಿಂತ ಹರಿತ. ಅಂಥವಳು ಕಳೆದ ವಾರ ಮೆಲ್ಲಗೆ, "ಇತ್ತೀಚೆಗೆ ಅಮ್ಮನ ಮುಖ ಸರಿಯಾಗಿ ನೆನಪಿಗೆ ಬರ್ತಿಲ್ಲ ಕಣೋ" ಅಂದಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಕೂಸು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ. ಆದರೆ ಅವಳು ಕೆಲಸಕ್ಕಿದ್ದ ಮನೆಯ ಚಿತ್ರಕಾರರು ಅವಳನ್ನು ಕೂರಿಸಿ ಒಂದು ಚಿತ್ರ ಬರೆದಿದ್ದರು. ಅಮ್ಮ ಅದನ್ನು ಬಲು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳಂತೆ. ಮ್ಯೂಸಿಯಂನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಆ ಚಿತ್ರವನ್ನು ಈಗ ಗೋಡೆಗೆ ಹಾಕಿದ್ದಾರೆಂದು ತಿಳಿಯಿತು. ಭಾನುವಾರ ಅಕ್ಕನ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಹೊರಟೆವು.

ಮಕ್ಕಳೊಂದಿಗೆ ಮ್ಯೂಸಿಯಂ ನೋಡುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಹುಡುಗನಿಗೆ ಲಿಫ್ಟ್ ಬಿಟ್ಟು ಬೇರೇನೂ ಬೇಡ. ಹುಡುಗಿಗೆ ಪ್ರತಿ ಕೋಣೆಯಲ್ಲೂ ಬಾಯಾರಿಕೆ, ಅದು ತೀರಿದರೆ ಬಾತ್‌ರೂಮು. ಕಾವಲುಗಾರ ಎಡಕ್ಕೆ ಹೋಗಿ ಅಂದ. ಎಡಕ್ಕೆ ಹೋದರೆ ರಿಪೇರಿಯೆಂದು ಹಗ್ಗ ಕಟ್ಟಿದ್ದರು. ಆ ಹಾಳು ಮಡಕೆಗಳ ಕೋಣೆಯನ್ನೇ ಮತ್ತೆ ಮತ್ತೆ ಸುತ್ತಿ ನನಗೆ ತಲೆ ಚಿಟ್ಟು ಹಿಡಿಯಿತು.

"ಅಜ್ಜಿ ಎಲ್ಲಮ್ಮಾ?" ಹುಡುಗ ರಾಗ ಎಳೆದ.

"ಬಾಯಿ ಮುಚ್ಕೊಂಡು ಬಾ. ನಿಮ್ಮಜ್ಜಿ ಎಲ್ಲೂ ಓಡ್ಹೋಗಲ್ಲ, ಓಡ್ತಿರೋದು ನೀವು!"

ಕೊನೆಗೂ ಸಿಕ್ಕಿತು. ನೀರಿನ ತೊಟ್ಟಿ, ಪಾತ್ರೆಗಳ ರಾಶಿ, ಅದರ ಮುಂದೆ ಬಗ್ಗಿ ಕೂತ ಹೆಂಗಸು. ಬೆನ್ನು ನಮ್ಮ ಕಡೆಗೆ. ಗಂಟು ಹಾಕಿದ ಕೂದಲು, ಕತ್ತು, ಬೆವರಿಗೆ ಅಂಟಿದ ಬಟ್ಟೆ. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ನನಗೆ ಹೊಟ್ಟೆ ಉರಿಯಿತು.

"ಮುಖ ಎಲ್ಲಿ?" ಅಕ್ಕ ಕೇಳಿದಳು, ನಾನೇನೋ ಅದನ್ನು ಜೇಬಿನಲ್ಲಿಟ್ಟುಕೊಂಡಿರುವ ಹಾಗೆ.

ಅಜ್ಜಿಯ ಮುಖ ಆ ಕಡೆ ಇರಬೇಕೆಂದು ಹುಡುಗ ಗೋಡೆಗೆ ಕೆನ್ನೆ ಒತ್ತಿ ಚೌಕಟ್ಟಿನ ಹಿಂದೆ ಇಣುಕಿದ. ಕಾವಲುಗಾರ ಓಡಿ ಬಂದ.

"ಏಯ್, ಮುಟ್ಬಾರ್ದು! ಮಕ್ಕಳನ್ನ ಹಿಡ್ಕೊಳ್ರೀ!"

ಅಕ್ಕ ಅವನ ಮೇಲೆ ಹರಿಹಾಯ್ದಳು. "ಅವರಜ್ಜಿ ಕಣ್ರೀ ಅದು! ಒಂದ್ ಸಲ ಈ ಕಡೆ ತಿರುಗಮ್ಮ ಅನ್ನೋಕೆ ಆ ಮಹಾನುಭಾವರಿಗೆ ಏನಾಗಿತ್ತು?"

ಪಾಪ, ಅವನೇನು ಹೇಳಿಯಾನು? ನನ್ನ ಸಿಟ್ಟು ಬೇರೆಯದಕ್ಕೆ. ಬರೆದ ಚಿತ್ರವನ್ನು ಅಮ್ಮನಿಗೆ ಒಮ್ಮೆಯಾದರೂ ತೋರಿಸಿದ್ದರೋ ಇಲ್ಲವೋ. ಮುಖ ಬರೆದಿದ್ದಾರೆಂದೇ ನಂಬಿಕೊಂಡು ಅವಳು ಊರೆಲ್ಲ ಹೇಳಿಕೊಂಡು ಬಂದಳೇನೋ.

ಹುಡುಗಿ ಅಕ್ಕನ ಕೈ ಜಗ್ಗಿದಳು. "ಅಮ್ಮಾ, ಇದು ಅಜ್ಜಿ ಅಲ್ಲ. ನೀನು."

"ಸುಮ್ನಿರೇ."

"ನೀನೇ! ನಾವು ಸ್ಕೂಲಿಂದ ಬಂದಾಗ ಮಿಷನ್ ಮುಂದೆ ಹೀಗೇ ಕೂತಿರ್ತೀಯ. ಬೇಕಾದ್ರೆ ಅಣ್ಣನ್ನ ಕೇಳು."

ಅಣ್ಣ ಹೌದೆಂದು ತಲೆಯಾಡಿಸಿದ.

ಕಾವಲುಗಾರ ನೋಡುತ್ತಿದ್ದಂತೆಯೇ ಅಕ್ಕ ನೆಲದ ಮೇಲೆ ಕುಕ್ಕರಿಸಿ, ಮಕ್ಕಳಿಬ್ಬರನ್ನೂ ತೋಳು ಹಿಡಿದು ಎದುರಿಗೆ ನಿಲ್ಲಿಸಿಕೊಂಡಳು.

"ಇಲ್ಲಿ ನೋಡ್ರೋ," ಅಂದಳು, ಬೈಯುವ ದನಿಯಲ್ಲೇ. "ನನ್ನ ಮುಖ ಸರಿಯಾಗಿ ನೋಡ್ಕೊಳ್ಳಿ."