ಕಬ್ಬಿಣದ ಗೆರೆಯ ಬಾಲ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಾಷಿಂಗ್ಟನ್ ಹೊರವಲಯದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಪಕ್ಕದ ಮೇಜಿನವರು ಧಾರವಾಡದವರು, ನನಗಿಂತ ತುಂಬ ಹಿರಿಯರು. ನನಗೆ ಅವರು ಸರ್, ಅವರಿಗೆ ನಾನು ತಂಗಿ. ಐವತ್ತರ ಹತ್ತಿರ ಬಂದರೂ ಅವರದು ವರ್ಷವರ್ಷವೂ ಮುಂದುವರಿಸಬೇಕಾದ ಕಾಂಟ್ರ್ಯಾಕ್ಟ್ ಕೆಲಸವೇ.

ಅವರು ಹಿಡಿದು ಕೂತಿದ್ದು ಒಂದೇ ಕಪ್ಪುಕುಳಿಯನ್ನು. ಅದು ತನ್ನತ್ತ ಸೆಳೆದುಕೊಂಡ ಅನಿಲ ನೇರ ಬೀಳದೆ ತಟ್ಟೆಯಂತೆ ಸುತ್ತುತ್ತ ಕಾದು ಎಕ್ಸ್-ರೇ ಸೂಸುತ್ತದೆ. ಆ ಎಕ್ಸ್-ರೇಯನ್ನು ಬಿಡಿಸಿ ಗ್ರಾಫ್ ಮಾಡಿದರೆ ಅದರಲ್ಲಿ ಕಬ್ಬಿಣದ ಪರಮಾಣುಗಳದ್ದೊಂದು ಗೆರೆ ಇರುತ್ತದೆ. ತಟ್ಟೆಯ ಒಳ ಅಂಚು ಕುಳಿಗೆ ಹತ್ತಿರವಾದಷ್ಟೂ ಗುರುತ್ವ ಆ ಗೆರೆಯನ್ನು ಎಳೆದು ಬಾಲ ಮಾಡುತ್ತದೆ. ಕುಳಿ ಜೋರಾಗಿ ತಿರುಗುತ್ತಿದ್ದರೆ ಮಾತ್ರ ತಟ್ಟೆ ತೀರಾ ಹತ್ತಿರ ನಿಲ್ಲಬಲ್ಲದು. ಸರ್‌ಗೆ ಅಂಥ ಉದ್ದನೆಯ ಬಾಲ ಸಿಕ್ಕಿತ್ತು. ಅಟ್ಲಾಂಟಾದ ಸಮ್ಮೇಳನದಲ್ಲಿ ಅದನ್ನು ಹೇಳುವವರಿದ್ದರು. ಆ ಖುಷಿಗೆ ಅವರ ಹೆಂಡತಿ ನಮ್ಮನ್ನೆಲ್ಲ ರಾಕ್‌ವಿಲ್‌ನ ತಮ್ಮ ಅಪಾರ್ಟ್‌ಮೆಂಟಿಗೆ ಕರೆದು ಹೋಳಿಗೆ ಬಡಿಸಿದ್ದರು.

ಹೊರಡುವ ಮುಂಚಿನ ವಾರ, ಅವರ ಡೇಟಾ ಕಳಿಸಿದ್ದ ಉಪಗ್ರಹದ ಡಿಟೆಕ್ಟರಿನ ಅಳತೆಯಲ್ಲಿದ್ದ ತಪ್ಪನ್ನು ತಿದ್ದಿದ ಫೈಲು ಬಂತು. ಅವರ ಡೇಟಾವನ್ನು ಅದರ ಪ್ರಕಾರ ಮತ್ತೆ ಲೆಕ್ಕ ಹಾಕಲು, ಶಾಸ್ತ್ರಕ್ಕೆಂಬಂತೆ, ನನಗೆ ಕೊಟ್ಟರು. ಪರದೆಯ ಮೇಲೆ ಗೆರೆ ಸಣ್ಣಗೆ, ನೆಟ್ಟಗೆ ನಿಂತಿತ್ತು. ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದೆ. ಊಟಕ್ಕೂ ಏಳಲಿಲ್ಲ.

"ಸರ್, ಬಾಲ ಹೋಗ್ಬಿಟ್ಟಿದೆ," ಎಂದೆ.

ಕುರ್ಚಿ ಎಳೆದುಕೊಂಡು ಬಂದರು. "ಲೆಕ್ಕ ಬರೋಬ್ಬರಿ ಮಾಡೀಯೇನು?"

"ಎಲ್ಲಾ ಥರ ಚೆಕ್ ಮಾಡ್ದೆ ಸರ್. ಜೋರಾಗಿ ತಿರುಗ್ತಿದ್ಯೋ ಇಲ್ವೋ, ಈ ಡೇಟಾದಿಂದ ಹೇಳಕ್ಕಾಗಲ್ಲ."

ಅವರು ಮೌಸ್ ಹಿಡಿದು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಕೊನೆಗೆ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಇರ್ಲಿ ತಂಗಿ. ಇಲ್ಲದ್ದನ್ನ ಅದ ಅಂತ ಹೇಳ್ಲಿಕ್ಕೆ ಬರೂದಿಲ್ಲ."

ಅಟ್ಲಾಂಟಾದಲ್ಲಿ ಹಳೆಯ ಗ್ರಾಫಿನ ಪಕ್ಕ ಹೊಸದನ್ನೂ ತೋರಿಸಿ, ತಮ್ಮ ಫಲಿತಾಂಶ ನಿಲ್ಲುವುದಿಲ್ಲ ಎಂದು ಹೇಳಿ ಇಳಿದರು. ಮುಂದೆ ಮಾತಾಡುವವನು ಆಗಲೇ ಎದ್ದು ನಿಂತಿದ್ದ.

ಆ ವರ್ಷ ಅವರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಇದೇ ಕಾರಣವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ದೂರದ ಇನ್ನೊಂದು ರಾಜ್ಯದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಸಹಾಯಕ್ಕೆ ಹೋದೆ. ಪುಸ್ತಕದ ಡಬ್ಬಿಗಳನ್ನು ಟ್ರಕ್ಕಿಗೆ ಏರಿಸಲು ಹೊರಟರೆ, ಕಸದ ತೊಟ್ಟಿಯ ಪಕ್ಕ ಇಡು ಎಂದರು ಸರ್.

ಮುಂದೆ ಹೊಸ ಉಪಗ್ರಹ ಹಾರಿತು. ಅದೇ ಕುಳಿಯನ್ನು ನೋಡಲು ನಮಗೆ ಅವಕಾಶ ಸಿಕ್ಕಾಗ ಅವರಿಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. ವಿಷಯ ಹೇಳಿದೆ.

"ಆ ಸುದ್ದಿ ಬ್ಯಾಡವಾ. ಅದನ್ನ ತಗದ್ರ ಅವರು ಊಟಾನ ಬಿಡ್ತಾರ."

ಹಿಂದೆ ಟಿವಿಯ ಸದ್ದಿತ್ತು. ಹಬ್ಬಕ್ಕಾದರೂ ಬನ್ನಿ ಎಂದೆ. ನೋಡೋಣು ಎಂದರು. ಬರಲಿಲ್ಲ.